ವೇತನದ ಪ್ರಮಾಣಪತ್ರವೂ ಆದಾಯದ ವಿವರಪತ್ರವೂ

ಐಹೊಳೆಯು ಶಾಸನಗಳಲ್ಲಿ ಅಯ್ಯಾವೊಳೆಯೆಂದು ಪ್ರಸಿದ್ಧವಾಗಿದೆ. ಈ ಊರಿನಿಂದ ಹೆಸರು ಪಡೆದ ಐನೂರ್ವರೆಂಬ ವರ್ತಕ ಸಂಘದವರು ತಮ್ಮ ಸರಕುಗಳ ಮೇಲೆ ಇಂತಿಷ್ಟೆಂದು ಗೊತ್ತುಮಾಡಿ ದೇವಾಲಯಗಳಿಗೆ ಬಿಟ್ಟ ಆಯವನ್ನು ದಕ್ಷಿಣಾಪಥದ ಹಲವೆಡೆ ಕಲ್ಲಿನಲ್ಲಿ ಬರೆಯಿಸಿದರು. ಕೊಟ್ಟುದು ಬರಹದಲ್ಲಿ ನಿಲ್ಲಬೇಕೆಂಬುದು ಅವರ ವಿವೇಕ. ಇಂದಿನ ವೇತನದಾರರಿಗೆ ಅಂತಹ ಬರಹವೇ ‘ನಮೂನೆ 16’.

2025-26ನೆಯ ಆರ್ಥಿಕ ವರ್ಷದ ಲೆಕ್ಕವು 1961ರ ಆದಾಯ ತೆರಿಗೆ ಅಧಿನಿಯಮಕ್ಕೆ ಒಳಪಟ್ಟಿದೆ. ಅದರಂತೆ ವೇತನದಿಂದ ತೆರಿಗೆಯನ್ನು ಕಡಿದ ಸಂಸ್ಥೆಯು ವರ್ಷ ಮುಗಿದ ಬಳಿಕ ಜೂನ್ 15ರೊಳಗೆ ಈ ಪ್ರಮಾಣಪತ್ರವನ್ನು ಕೊಡತಕ್ಕದ್ದು. ಇದಕ್ಕೆ ಎರಡು ಭಾಗಗಳು. ‘ಎ’ ಭಾಗದಲ್ಲಿ ಕಡಿದು ಸರ್ಕಾರಕ್ಕೆ ಜಮೆ ಮಾಡಿದ ತೆರಿಗೆಯ ವಿವರವಿರುತ್ತದೆ. ‘ಬಿ’ ಭಾಗದಲ್ಲಿ ವೇತನ, ವಿನಾಯಿತಿ ಹಾಗೂ ತೆರಿಗೆಯ ಲೆಕ್ಕವಿರುತ್ತದೆ.

ಈ ಪತ್ರವು ಕೈಸೇರಿತೆಂದರೆ ತೆರಿಗೆಯ ಕಾರ್ಯ ಮುಗಿಯಿತೆಂಬ ಭಾವನೆ ಉಪಾಧ್ಯಾಯರಲ್ಲಿ ಸಾಮಾನ್ಯ. ಅದು ಸರಿಯಲ್ಲ. ನಮೂನೆ 16 ಸಂಸ್ಥೆಯ ಸಾಕ್ಷ್ಯ. ವಿವರಪತ್ರವು ಗಳಿಸಿದವನ ಸ್ವಂತ ಹೇಳಿಕೆ. ಹೆಚ್ಚಾಗಿ ಕಡಿತವಾದ ಹಣವು ಮರಳಿ ಬರಬೇಕಾದರೂ ವಿವರಪತ್ರ ಸಲ್ಲಿಸಲೇಬೇಕು. ಠೇವಣಿಯ ಬಡ್ಡಿಯಂತಹ ಅನ್ಯ ಆದಾಯವು ಬಹುತೇಕ ನಮೂನೆಯಲ್ಲಿ ಕಾಣದು. ಅದನ್ನು ವಿವರಪತ್ರದಲ್ಲಿ ತಾನೇ ಸೇರಿಸಬೇಕು.

ವರ್ಷದ ನಡುವೆ ಕೆಲಸ ಬದಲಿಸಿದವರು ಇನ್ನೂ ಎಚ್ಚರದಿಂದಿರಬೇಕು. ಅಧ್ಯಾಪಕರೊಬ್ಬರು 2025-26ರಲ್ಲಿ ಎರಡು ಸಂಸ್ಥೆಗಳಿಂದ ತಲಾ 7,50,000 ರೂಪಾಯಿ ಪಡೆದರೆನ್ನೋಣ. ಹೊಸ ಪದ್ಧತಿಯಲ್ಲಿ 75,000 ರೂಪಾಯಿಯ ಪ್ರಮಾಣಿತ ಕಡಿತದ ಬಳಿಕ ಆದಾಯವು 12 ಲಕ್ಷವನ್ನು ಮೀರದಿದ್ದರೆ ವೇತನದ ಮೇಲೆ ತೆರಿಗೆಯಿಲ್ಲ. ಆದಕಾರಣ ಒಂದೊಂದು ಪತ್ರವನ್ನೇ ನೋಡಿದರೆ ತೆರಿಗೆ ಶೂನ್ಯ. ಕೂಡಿಸಿದರೆ ಒಟ್ಟು 15 ಲಕ್ಷ. ಪ್ರಮಾಣಿತ ಕಡಿತವಾದರೋ ಒಮ್ಮೆ ಮಾತ್ರ. ಉಳಿದ 14,25,000ಕ್ಕೆ ಸೆಸ್ ಸಹಿತ ತೆರಿಗೆ 97,500 ರೂಪಾಯಿ. ಕಡಿತವು ಇದಕ್ಕೆ ಸಾಲದಿದ್ದರೆ ಉಳಿದುದನ್ನೂ ಅದರ ಮೇಲೆ ಸಲ್ಲುವ ಬಡ್ಡಿಯನ್ನೂ ತುಂಬಬೇಕು.

ಸಲ್ಲಿಸುವ ಮೊದಲು ‘ಎ’ ಭಾಗದ ಮೊತ್ತವನ್ನು ಇಲಾಖೆಯ ಜಾಲತಾಣದಲ್ಲಿ ದೊರೆಯುವ ‘26ಎಎಸ್’ ಪಟ್ಟಿಯೊಡನೆ ಹೋಲಿಸುವುದು ಅತ್ಯಗತ್ಯ. ವ್ಯತ್ಯಾಸ ಕಂಡರೆ ಸಂಸ್ಥೆಯ ಲೆಕ್ಕಪತ್ರ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ ತ್ರೈಮಾಸಿಕ ಲೆಕ್ಕವನ್ನು ತಿದ್ದಿಸಬೇಕು. ಪ್ಯಾನ್ ಸಂಖ್ಯೆಯ ಒಂದಕ್ಷರ ತಪ್ಪಿದರೂ ಹಣವು ತನ್ನ ಹೆಸರಿಗೆ ಸೇರದು. ಸಂಸ್ಥೆಯು ವೇತನದಿಂದ ಕಡಿದ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳಬಾರದೆಂದು ಅಧಿನಿಯಮದ 205ನೆಯ ಕಲಮು ವಿಧಿಸಿದೆ. ಆದರೆ ಕಡಿತವಾಯಿತೆಂಬುದನ್ನು ತೋರಿಸಲು ವೇತನಚೀಟಿಗಳು ಕೈಯಲ್ಲಿರಬೇಕು.

ದಾನಿಗಳೂ ಗಮನಿಸತಕ್ಕ ಅಂಶವೊಂದಿದೆ. ಮಾನ್ಯತೆ ಪಡೆದ ಸಂಸ್ಥೆಗಿತ್ತ ದಾನಕ್ಕೆ 80-ಜಿ ಕಲಮಿನ ರಿಯಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ ಉಂಟು. 2,000 ರೂಪಾಯಿಗೆ ಮೀರಿದ ನಗದು ದಾನಕ್ಕೆ ಅದಿಲ್ಲ. ಸಾಮಾನ್ಯವಾಗಿ ಇಂತಹ ದಾನವು ನಮೂನೆ 16ರಲ್ಲಿ ಬಾರದುದರಿಂದ, ಸಂಸ್ಥೆಯಿಂದ ‘10-ಬಿಇ’ ಪ್ರಮಾಣಪತ್ರವನ್ನು ಪಡೆದು ವಿವರಪತ್ರದಲ್ಲಿ ತಾವೇ ನಮೂದಿಸಬೇಕು.

ಸಲ್ಲಿಸಿದ 30 ದಿನಗಳೊಳಗೆ ವಿವರಪತ್ರವನ್ನು ದೃಢೀಕರಿಸದಿದ್ದರೆ ಮಾಡಿದ ಶ್ರಮ ವ್ಯರ್ಥವಾದೀತು. ನಮೂನೆ 16ನ್ನು ಅದರೊಡನೆ ಲಗತ್ತಿಸಬೇಕಾಗಿಲ್ಲ. ಇಲಾಖೆ ಕೇಳಿದಾಗ ತೋರಿಸಲು ಮನೆಯ ಕಡತದಲ್ಲಿ ವರ್ಷಾನುಕ್ರಮವಾಗಿ ಜೋಪಾನ ಮಾಡಿಡುವುದು ಲೇಸು.