ಒಬ್ಬರೇ ಹೊರಡಿ, ಗುಂಪಿನೊಡನೆ ಇಟಲಿ ನೋಡಿ

“ಇಟಲಿಗಾ? ಒಬ್ಬರೇನಾ? ಮನೆಯವರು ಬರಲ್ವಾ?”

ಓಕ್ ಟ್ರೀ ರೋಡಿನ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗ ನೀವು ಯಾರಿಗಾದರೂ ಇಂಥ ಪ್ರವಾಸದ ಮಾತು ಹೇಳಿನೋಡಿ. ಈ ಮೂರು ಪ್ರಶ್ನೆಗಳು ಒಂದರ ಹಿಂದೊಂದು ಬಂದೇ ಬರುತ್ತವೆ. ನಮ್ಮಲ್ಲಿ ಪ್ರವಾಸವೆಂದರೆ ಸಂಸಾರದ ಜೊತೆ, ಇಲ್ಲವೇ ನೆಂಟರಿಷ್ಟರ ಜೊತೆ. ಆದರೆ ಮಕ್ಕಳು ಕಾಲೇಜಿಗೆ ಹೋಗಿರುತ್ತಾರೆ, ಒಬ್ಬರಿಗೆ ರಜೆ ಸಿಕ್ಕಾಗ ಇನ್ನೊಬ್ಬರಿಗೆ ಸಿಗುವುದಿಲ್ಲ, ಕೆಲವರ ಬಾಳಿನಲ್ಲಿ ಜೊತೆಗಾರರೇ ಇರುವುದಿಲ್ಲ. ಎಲ್ಲರಿಗೂ ಬಿಡುವಾಗಲಿ ಎಂದು ಕಾಯುತ್ತ ಕುಳಿತರೆ ಮೊಣಕಾಲು ಕೇಳಬೇಕಲ್ಲ!

ಇದಕ್ಕೆ ಒಂದು ನಡುದಾರಿ ಇದೆ. ಮನೆಯಿಂದ ಒಬ್ಬರೇ ಹೊರಟು, ಅಲ್ಲಿ ಮಾರ್ಗದರ್ಶಕರಿರುವ ಒಂದು ಗುಂಪನ್ನು ಸೇರಿಕೊಳ್ಳುವುದು. ಹೋಟೆಲು, ರೈಲು, ಟಿಕೆಟ್ಟು ಎಲ್ಲ ಅವರ ಜವಾಬ್ದಾರಿ. ನೋಡುವುದು, ನಡೆಯುವುದು, ಬೆರಗಾಗುವುದು ನಿಮ್ಮದು. ಇದೇನೂ ಹೊಸ ಉಪಾಯವಲ್ಲ. 400 ವರ್ಷಗಳ ಹಿಂದೆ ಇಟಲಿಯ ಒಬ್ಬ ಇದೇ ರೀತಿ ನಮ್ಮ ಕನ್ನಡ ನಾಡನ್ನು ನೋಡಿ ಹೋಗಿದ್ದ. ಮೊದಲು ಅವನ ಕಥೆ ಕೇಳಿ.

ಗುಂಪು ಸೇರಿ ಇಕ್ಕೇರಿಗೆ ಬಂದವನು

ಅವನ ಹೆಸರು ಪಿಯೆತ್ರೊ ದೆಲ್ಲ ವಾಲ್ಲೆ. 1586ರಲ್ಲಿ ರೋಮ್ ನಗರದಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಜೆರುಸಲೇಮ್, ಬಾಗ್ದಾದ್, ಪರ್ಷಿಯಾ ಎಲ್ಲ ಸುತ್ತಿ 1623ರಲ್ಲಿ ಭಾರತಕ್ಕೆ ಬಂದ. ಗೋವಾದಲ್ಲಿದ್ದಾಗ ಅವನಿಗೆ ಕೆಳದಿಯ ನಾಯಕರ ಸೀಮೆಯನ್ನು ನೋಡಬೇಕೆನ್ನಿಸಿತು. ಭಾಷೆ ಬಾರದು, ದಾರಿ ಗೊತ್ತಿಲ್ಲ, ಮಧ್ಯೆ ಘಟ್ಟದ ಕಾಡು. ಆಗ ಪೋರ್ಚುಗೀಸರು ಇಕ್ಕೇರಿಯಲ್ಲಿದ್ದ ವೆಂಕಟಪ್ಪ ನಾಯಕರ ಬಳಿಗೆ ಒಬ್ಬ ರಾಯಭಾರಿಯನ್ನು ಕಳಿಸುತ್ತಿದ್ದರು. ದೆಲ್ಲ ವಾಲ್ಲೆ ಆ ತಂಡವನ್ನು ಸೇರಿಕೊಂಡ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ. ಇಂದಿನ ಮಾತಿನಲ್ಲಿ ಹೇಳಬೇಕೆಂದರೆ ಅದೊಂದು ಗ್ರೂಪ್ ಟೂರ್!

ಮಕ್ಕಳೇ, ಈಗ ಬರುವುದು ನಿಮ್ಮ ಪಾಲಿನ ಕಥೆ. ಘಟ್ಟದಲ್ಲಿ ಒಂದು ಕಡೆ ಸಾಮಾನು ಸರಂಜಾಮು ಹೊಂದಿಸುವುದಕ್ಕೆ ತಡವಾಯಿತು. ಉಳಿದವರು ಕಾಯುತ್ತಿದ್ದಾಗ ದೆಲ್ಲ ವಾಲ್ಲೆ ಹತ್ತಿರದ ಹನುಮಂತನ ಗುಡಿಯ ಜಗಲಿಗೆ ಹೋದ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಒಬ್ಬ ರಾಗವಾಗಿ ಅಂಕಿ ಹೇಳುತ್ತ ಬೆರಳಿನಿಂದ ಬರೆಯುವುದು, ಉಳಿದವರೂ ಹಾಡುತ್ತ ಅದನ್ನೇ ಬರೆಯುವುದು. ಮರಳು ತುಂಬಿದರೆ ಕೈಯಾಡಿಸಿ ಮತ್ತೆ ಹೊಸ ಹಲಗೆ! ಕಾಗದವಿಲ್ಲ, ಲೇಖನಿಯಿಲ್ಲ, ಮೇಷ್ಟರೂ ಇಲ್ಲ. “ಮರೆತುಹೋದರೆ ಯಾರು ಹೇಳಿಕೊಡುತ್ತಾರೆ?” ಎಂದು ಅವನು ಕೇಳಿದ್ದಕ್ಕೆ ಹುಡುಗರು ಕೊಟ್ಟ ಉತ್ತರದ ಸಾರ ಇಷ್ಟು: ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ.

ದೆಲ್ಲ ವಾಲ್ಲೆ ಇದನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ನಮ್ಮ ನೆಲದ ಮಕ್ಕಳು ಪಾಠ ಕಲಿತ ಬಗೆ ಹೀಗೆ ಯುರೋಪಿನವರೆಗೆ ಮುಟ್ಟಿತು. ಇಕ್ಕೇರಿ ನೋಡಿದ ಮೇಲೆ ಅವನು ರಾಯಭಾರಿಯ ತಂಡವನ್ನು ಬೀಳ್ಕೊಟ್ಟು ಕರಾವಳಿಗೆ ಇಳಿದ. ಉಳ್ಳಾಲದ ರಾಣಿ ಅಬ್ಬಕ್ಕನನ್ನು ಕಂಡ. ಅರಮನೆಯ ಆಡಂಬರದಲ್ಲಿ ಅಲ್ಲ, ನೀರಿನ ಕಾಲುವೆಯ ಕೆಲಸ ನೋಡಿಕೊಳ್ಳುತ್ತ ಬರಿಗಾಲಲ್ಲಿ ನಡೆಯುತ್ತಿದ್ದ ರಾಣಿಯನ್ನು.

ಗಮನಿಸಿ: ಗುಂಪು ಅವನನ್ನು ಘಟ್ಟ ಹತ್ತಿಸಿತು. ಆದರೆ ಇಂದಿಗೂ ನಾವು ನೆನೆಯುವ ಈ ಎರಡು ದೃಶ್ಯಗಳು ಅವನಿಗೆ ಸಿಕ್ಕಿದ್ದು ಗುಂಪಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಾಗ. ನೀವು ಇಟಲಿಗೆ ಹೋಗುವಾಗಲೂ ಇದೇ ಸೂತ್ರ. ಕಷ್ಟದ ಕೆಲಸವನ್ನು ಗುಂಪಿಗೆ ಬಿಡಿ, ದಿನಕ್ಕೊಂದೆರಡು ಗಂಟೆಯನ್ನು ನಿಮಗಾಗಿ ಇಟ್ಟುಕೊಳ್ಳಿ.

ಹಣ ಕಟ್ಟುವ ಮುನ್ನ ಕೇಳಬೇಕಾದದ್ದು

ಪ್ರವಾಸ ಸಂಸ್ಥೆಗಳು ಹೇಳುವ ದರ ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ತಲೆಗೆ ಇಷ್ಟು ಎಂಬ ಲೆಕ್ಕದ್ದು. ಒಬ್ಬರೇ ಇದ್ದರೆ ಅದರ ಮೇಲೆ ‘ಸಿಂಗಲ್ ಸಪ್ಲಿಮೆಂಟ್’ ಎಂದು ಹೆಚ್ಚುವರಿ ಹಣ ಕೇಳುತ್ತಾರೆ. ಕೆಲವು ಸಂಸ್ಥೆಗಳು ಇನ್ನೊಬ್ಬ ಒಂಟಿ ಪ್ರಯಾಣಿಕರೊಡನೆ ಕೋಣೆ ಹಂಚಿಕೊಳ್ಳುವ ಏರ್ಪಾಡು ಮಾಡುತ್ತವೆ. ಕೆಲವು ಪ್ರವಾಸಗಳಲ್ಲಿ ಆ ಹೆಚ್ಚುವರಿ ಹಣವೇ ಇರುವುದಿಲ್ಲ. ಆದ್ದರಿಂದ ಪೂರ್ತಿ ಲೆಕ್ಕ ಕೈಗೆ ಬಂದ ಮೇಲೆ ಹೋಲಿಸಿ ನೋಡಿ.

ಗುಂಪಿನಲ್ಲಿ ಎಷ್ಟು ಜನ, ಒಬ್ಬರೇ ಬರುವವರು ಎಷ್ಟು, ಯಾವ ಊಟ ಸೇರಿದೆ, ಬಿಡುವಿನ ಹೊತ್ತು ಎಷ್ಟು ಎಂದು ಕೇಳಿ. ಹೋಟೆಲು ಊರೊಳಗಿದೆಯೋ ಹೊರವಲಯದಲ್ಲಿದೆಯೋ ಎನ್ನುವುದು ಇವೆಲ್ಲಕ್ಕಿಂತ ಮುಖ್ಯ. ಊರಾಚೆ ಹೋಟೆಲು ಕೊಟ್ಟರೆ ಸಂಜೆ ಬಿಡುವಿದ್ದೂ ಇಲ್ಲದಂತೆ. ಒಬ್ಬರೇ ಇರುವಾಗ ರಾತ್ರಿ ನಡೆದುಕೊಂಡೇ ಹೋಟೆಲಿಗೆ ಮರಳುವಂತಿದ್ದರೆ ಧೈರ್ಯ ಬೇರೆಯೇ.

ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ 90 ದಿನಗಳವರೆಗಿನ ಪ್ರವಾಸಕ್ಕೆ ವೀಸಾ ಬೇಡ. ಭಾರತದ ಪಾಸ್‌ಪೋರ್ಟ್ ಇದ್ದರೆ, ಗ್ರೀನ್ ಕಾರ್ಡ್ ಇದ್ದರೂ ಸಹ, ಷೆಂಗೆನ್ ವೀಸಾ ಬೇಕೇ ಬೇಕು. ಅರ್ಜಿಯನ್ನು ಹೊರಡುವ ದಿನಕ್ಕೆ 6 ತಿಂಗಳು ಮುಂಚಿನಿಂದಲೇ ಹಾಕಬಹುದು. ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆಯನ್ನೂ ತೋರಿಸಬೇಕು. ಪಾಸ್‌ಪೋರ್ಟ್ ಯಾವ ದೇಶದ್ದೇ ಆಗಲಿ, ಯುರೋಪಿನಿಂದ ಹೊರಡುವ ದಿನದ ಆಚೆಗೂ 3 ತಿಂಗಳು ಚಾಲ್ತಿಯಲ್ಲಿರಬೇಕು. ಎಚ್-1ಬಿ ಅಥವಾ ಎಚ್-4ನಲ್ಲಿ ಇರುವವರು ಇನ್ನೊಂದನ್ನು ಮರೆಯಬೇಡಿ: ಮರಳಿ ನ್ಯೂವರ್ಕ್‌ನಲ್ಲಿ ಇಳಿಯುವಾಗ ನಿಮ್ಮ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿರಬಾರದು.

ರೋಮ್

ಕೊಲೊಸಿಯಮ್‌ಗೆ ಗುಂಪಿನ ಜೊತೆ ಹೋಗುವುದೇ ಸರಿ. ಅಲ್ಲಿನ ಟಿಕೆಟ್ಟುಗಳ ಮೇಲೆ ಪ್ರತಿಯೊಬ್ಬರ ಹೆಸರು ಇರುತ್ತದೆ, ಗುರುತಿನ ಚೀಟಿ ಕೇಳುತ್ತಾರೆ. ಕ್ರಿ.ಶ. 80ರಲ್ಲಿ ತೆರೆದ ಈ ಬೃಹತ್ ಬಯಲು ರಂಗ, ವಿವರಿಸುವವರಿಲ್ಲದಿದ್ದರೆ ಬರೀ ಕಲ್ಲುಗೋಡೆಯಾಗಿ ಕಾಣಬಹುದು. ವ್ಯಾಟಿಕನ್‌ಗೂ ಇದೇ ಮಾತು. ಅಲ್ಲಿ ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ನಮ್ಮ ದೇವಸ್ಥಾನಕ್ಕೆ ಹೋಗುವಂತೆ ಹೋದರೆ ಸಾಕು. ಮೈಕೆಲೇಂಜಲೊ 1508ರಿಂದ 1512ರವರೆಗೆ ಬಿಡಿಸಿದ ಸಿಸ್ಟೀನ್ ಚಾಪೆಲ್‌ನ ಚಾವಣಿಯ ಫೋಟೊ ತೆಗೆಯುವಂತಿಲ್ಲ. ಕತ್ತೆತ್ತಿ ಕಣ್ತುಂಬಿಕೊಳ್ಳಿ.

ಬಿಡುವು ಸಿಕ್ಕಾಗ ಕೊಲೊಸಿಯಮ್ ಕಡೆಯಿಂದ ಸ್ವಲ್ಪ ದೂರ ನಡೆದು ಕ್ಯಾಪಿಟೊಲಿನ್ ಗುಡ್ಡಕ್ಕೆ ಹೋಗಿ. ನೂರಿಪ್ಪತ್ತಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ಸಾಂತಾ ಮರಿಯಾ ಇನ್ ಅರಾಚೇಲಿ ಎಂಬ ಹಳೆಯ ಚರ್ಚ್ ಸಿಗುತ್ತದೆ. ನಮ್ಮ ದೆಲ್ಲ ವಾಲ್ಲೆಯ ಸಮಾಧಿ ಇರುವುದು ಇಲ್ಲಿಯೇ. ಬಾಗ್ದಾದಿನಲ್ಲಿ ಅವನು ಮದುವೆಯಾಗಿದ್ದ ಮಾನಿ 1621ರಲ್ಲಿ ಪರ್ಷಿಯಾದಲ್ಲಿ ತೀರಿಕೊಂಡಳು. ಅವಳ ದೇಹವನ್ನು ಕೆಡದಂತೆ ಕಾಪಾಡಿ, ಭಾರತದ ಪ್ರಯಾಣದಲ್ಲೂ ಜೊತೆಗಿಟ್ಟುಕೊಂಡು, 1626ರಲ್ಲಿ ರೋಮ್ ತಲುಪಿದ. ಮರುವರ್ಷ ಅವಳಿಗೆ ಇಲ್ಲಿ ಅಂತ್ಯಸಂಸ್ಕಾರ ಮಾಡಿಸಿದ. ಇಕ್ಕೇರಿಯ ದಾರಿಯಲ್ಲಿ ಮಕ್ಕಳ ಹಾಡುಲೆಕ್ಕ ಕೇಳುತ್ತ ನಿಂತಿದ್ದವನು ಅಂಥ ದುಃಖ ಹೊತ್ತವನಾಗಿದ್ದ ಎಂದು ತಿಳಿದ ಮೇಲೆ ಆ ಕಥೆ ನಿಮಗೆ ಬೇರೆಯಾಗಿಯೇ ಕೇಳುತ್ತದೆ. ಒಬ್ಬರೇ ಪ್ರವಾಸ ಹೊರಟವರೆಲ್ಲ ಮೋಜಿಗಾಗಿ ಹೊರಟಿರುವುದಿಲ್ಲ. ನಿಮ್ಮ ಗುಂಪಿನಲ್ಲೂ ಅಂಥವರು ಇರಬಹುದು. ಯಾಕೆ ಒಬ್ಬರೇ ಬಂದಿರಿ ಎಂದು ಕೆದಕದೆ, ಪಕ್ಕದಲ್ಲಿ ಕೂತು ಕಾಫಿ ಕುಡಿದರೆ ಸಾಕು.

ಫ್ಲಾರೆನ್ಸ್

ಇಲ್ಲಿ ಬ್ರುನೆಲ್ಲೆಸ್ಕಿ ಕಟ್ಟಿದ, 1436ರಲ್ಲಿ ಮುಗಿದ ದೊಡ್ಡ ಗುಮ್ಮಟವಿದೆ. ಮೇಲಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ಗುಂಪಿನವರು ಹತ್ತುತ್ತಾರೆಂದು ನೀವೂ ಹತ್ತಬೇಕಿಲ್ಲ, ಅವರು ಹತ್ತುವುದಿಲ್ಲವೆಂದು ನೀವು ಬಿಡಬೇಕಿಲ್ಲ. ಅಕಾಡೆಮಿಯಾದ ಡೇವಿಡ್ ಶಿಲ್ಪ, ಉಫ್ಫಿಜಿಯ ಚಿತ್ರಗಳು ಎರಡಕ್ಕೂ ಸೋಮವಾರ ರಜೆ. ನಿಮ್ಮ ಪ್ರವಾಸದ ಪಟ್ಟಿಯಲ್ಲಿ ಫ್ಲಾರೆನ್ಸಿಗೆ ಯಾವ ವಾರ ಬಂದಿದೆ ಎಂದು ಮೊದಲೇ ನೋಡಿಕೊಳ್ಳಿ.

ಈ ಊರಿನ ವ್ಯಾಪಾರಿ ಫಿಲಿಪ್ಪೊ ಸಸೆತ್ತಿ ಕರಿಮೆಣಸಿನ ವ್ಯವಹಾರಕ್ಕಾಗಿ 1583ರಲ್ಲಿ ಕೊಚ್ಚಿಗೆ ಬಂದು, 1588ರಲ್ಲಿ ಗೋವಾದಲ್ಲಿ ತೀರಿಕೊಂಡ. ಸಂಸ್ಕೃತದ ಕೆಲವು ಮಾತುಗಳು ತನ್ನ ಇಟಾಲಿಯನ್ನಿಗೆ ಹತ್ತಿರವಿವೆಯಲ್ಲ ಎಂದು ಊರಿಗೆ ಬರೆದ ಪತ್ರದಲ್ಲಿ ಅಚ್ಚರಿಪಟ್ಟವನು ಇವನು. ವಿಲಿಯಂ ಜೋನ್ಸ್ ಅದನ್ನೇ ವಿವರವಾಗಿ ಹೇಳುವುದಕ್ಕೆ ಸುಮಾರು 200 ವರ್ಷ ಮುಂಚೆ! ಮಕ್ಕಳೇ, ಗಟ್ಟಿಯಾಗಿ ಹೇಳಿ ನೋಡಿ: ಸಪ್ತ – ಸೆತ್ತೆ, ಅಷ್ಟ – ಒತ್ತೊ, ನವ – ನೋವೆ, ದೇವ – ದೀಯೊ, ಸರ್ಪ – ಸೆರ್ಪೆ. ಈ ಸಂಸ್ಕೃತ ಪದಗಳು ಸಪ್ತಾಹ, ಅಷ್ಟಮಿ, ನವರಾತ್ರಿ ಎಂದು ನಮ್ಮ ಕನ್ನಡದಲ್ಲೂ ಇವೆಯಲ್ಲ. ಏಳು, ಎಂಟು, ಒಂಬತ್ತು ಮಾತ್ರ ನಮ್ಮದೇ ಸ್ವಂತ.

ವೆನಿಸ್

118 ಪುಟ್ಟ ದ್ವೀಪಗಳ ಈ ಊರಿನ ಒಳಗೆ ಕಾರು ಬರುವುದಿಲ್ಲ. ಸೇತುವೆಗಳು 400ಕ್ಕೂ ಹೆಚ್ಚು, ಬಹುಪಾಲು ಮೆಟ್ಟಿಲಿನವು. ನಿಮ್ಮ ಪೆಟ್ಟಿಗೆ ಎತ್ತಿಕೊಡಲು ಮನೆಯವರು ಜೊತೆಗಿಲ್ಲ ಎನ್ನುವುದು ಇಲ್ಲಿ ಚೆನ್ನಾಗಿ ನೆನಪಾಗುತ್ತದೆ! ನೀವೇ ಎತ್ತಬಲ್ಲಷ್ಟು ಮಾತ್ರ ತುಂಬಿಕೊಳ್ಳಿ. 2024ರಿಂದ ಇಲ್ಲಿ ಪ್ರವಾಸಿ ಗುಂಪಿಗೆ 25 ಜನರ ಮಿತಿ ಇದೆ, ಧ್ವನಿವರ್ಧಕ ಬಳಸುವಂತಿಲ್ಲ. ಮಾರ್ಗದರ್ಶಕರ ಮಾತು ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರದಲ್ಲಿ ಕೇಳಿಸುತ್ತದೆ.

ವೆನಿಸ್‌ನ ಲಗೂನಿನ ದಕ್ಷಿಣ ತುದಿಯಲ್ಲಿ ಕಿಯೋಜ್ಜ ಎಂಬ ಊರಿದೆ. ಅಲ್ಲಿಯ ನಿಕೊಲೊ ದೆ ಕೊಂತಿ ಡಮಾಸ್ಕಸ್‌ನಲ್ಲಿ 600 ವ್ಯಾಪಾರಿಗಳ ತಂಡ ಸೇರಿ ಮರುಭೂಮಿ ದಾಟಿದವನು. ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದ. ಊರಿನ ಸುತ್ತಳತೆ 60 ಮೈಲಿ ಎಂದ. ಹಬ್ಬದಲ್ಲಿ ಗುಡಿಗಳಲ್ಲಿ ಎಣಿಸಲಾಗದಷ್ಟು ದೀಪ ಹಚ್ಚುತ್ತಾರೆಂದು ನೆನೆದ. ಸುಮಾರು 25 ವರ್ಷ ಅಲೆದು ಮರಳಿದ ಅವನ ಅನುಭವವನ್ನು ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿ ಬರೆದಿಟ್ಟುಕೊಂಡ. ಆ ಬರಹ ಉಳಿದದ್ದರಿಂದ ಹಂಪಿಯ ಚರಿತ್ರೆ ಬರೆಯುವವರಿಗೆ ಇಂದಿಗೂ ಕೊಂತಿ ಬೇಕು. ನೀವೂ ದಿನಕ್ಕೆ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡಿ. ಬಂದ ಮೇಲೆ ಮಕ್ಕಳಿಗೆ ಓದಿ ಹೇಳಲು ಫೋಟೊಗಿಂತ ಅದೇ ಚೆಂದ.

ಊಟ, ಹುಷಾರು

ಸಸ್ಯಾಹಾರಿಗಳು ಸಂಸ್ಥೆಗೆ ಮೊದಲೇ ಬರೆದು ತಿಳಿಸಿ. “ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ” ಅಂದರೆ ಮಾಂಸ ಬೇಡ, ಮೀನು ಬೇಡ. ತರಕಾರಿ ಸೂಪಿಗೂ ಮಾಂಸ ಬೇಯಿಸಿದ ನೀರು ಹಾಕಿರಬಹುದು, ಕೇಳಿಕೊಳ್ಳಿ. ಪಾರ್ಮಿಜಾನೊ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅದು ಆಗದಿದ್ದವರು ಬೇಡವೆನ್ನಿ. ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಕಂಡರೆ ಮುದ್ದೆಯ ನೆನಪಾದೀತು. ಬೆಳಗಿನ ಕಾಫಿಯನ್ನು ಬೆಂಗಳೂರಿನ ದರ್ಶಿನಿಯ ಹಾಗೆ ನಿಂತೇ ಕುಡಿಯಿರಿ. ಕೂತರೆ ಬೆಲೆ ಹೆಚ್ಚು. ರೋಮ್‌ನ ಬೀದಿ ನಲ್ಲಿಗಳ ನೀರು ಕುಡಿಯಬಹುದು, ಒಂದು ಬಾಟಲಿ ಜೊತೆಗಿರಲಿ.

ಜೇಬುಗಳ್ಳರ ಕಾಟ ನಿಲ್ದಾಣ, ಮೆಟ್ರೊಗಳಲ್ಲಿ ಇದೆ. ಚೀಲ ಎದುರಿಗಿರಲಿ. ಪಾಸ್‌ಪೋರ್ಟಿನ ನಕಲು ಬೇರೆ ಕಡೆ ಇಡಿ. ಹೋಟೆಲಿನ ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳಿ. ಬಿಡುವಿನಲ್ಲಿ ಬೇರೆ ಕಡೆ ಹೋಗುವಾಗ ತಂಡದ ಮುಖ್ಯಸ್ಥರಿಗೆ ಹೇಳಿಯೇ ಹೋಗಿ. ತುರ್ತಿಗೆ ಕರೆ ಮಾಡಬೇಕಾದ ಸಂಖ್ಯೆ 112. ಇಟಲಿಯ ಗಡಿಯಾರ ನಮಗಿಂತ ಸಾಮಾನ್ಯವಾಗಿ 6 ಗಂಟೆ ಮುಂದಿರುತ್ತದೆ. ಇಲ್ಲಿ ಮಕ್ಕಳು ಮಧ್ಯಾಹ್ನ ಮೂರೂವರೆಗೆ ಶಾಲೆಯಿಂದ ಬರುವ ಹೊತ್ತಿಗೆ ಅಲ್ಲಿ ರಾತ್ರಿ ಒಂಬತ್ತೂವರೆ. ದಿನದ ಮಾತುಕತೆಗೆ ಹೇಳಿ ಮಾಡಿಸಿದ ಹೊತ್ತು.

ಮೊದಲ ಸಂಜೆಯ ಊಟದ ಮೇಜಿನಲ್ಲಿ ಎಲ್ಲರೂ ಜೋಡಿಜೋಡಿಯಾಗಿ ಕೂತಿರುವಾಗ ತುಸು ಮುಜುಗರವಾಗಬಹುದು. “ಇಲ್ಲಿ ಕೂರಬಹುದೇ?” ಎಂದು ನೀವೇ ಕೇಳಿಬಿಡಿ. ಘಟ್ಟದ ಗುಡಿಯ ಆ ನಾಲ್ಕು ಹುಡುಗರ ಲೆಕ್ಕ ಇಲ್ಲೂ ಸರಿಹೋಗುತ್ತದೆ. ಎಲ್ಲರೂ ಒಟ್ಟಿಗೇ ದಾರಿ ಮರೆಯುವುದಿಲ್ಲ. ಒಬ್ಬರಿಗೆ ರೈಲಿನ ವೇಳೆ ಗೊತ್ತಿರುತ್ತದೆ, ಒಬ್ಬರಲ್ಲಿ ತಲೆನೋವಿನ ಮಾತ್ರೆ ಇರುತ್ತದೆ, ನಿಮ್ಮಲ್ಲಿ ಚಟ್ನಿಪುಡಿ ಇರುತ್ತದೆ.

ಮಕ್ಕಳೇ, ಅಮ್ಮನೋ ಅಪ್ಪನೋ ಅಜ್ಜಿಯೋ “ನಾನೊಬ್ಬಳೇ ಹೋಗಿಬರಲಾ?”, “ನಾನೊಬ್ಬನೇ ಹೋಗಿಬರಲಾ?” ಎಂದು ಕೇಳಿದರೆ, ಯಾಕೆ ಎನ್ನಬೇಡಿ. ಯಾವಾಗ ಎಂದು ಕೇಳಿ. ಪೆಟ್ಟಿಗೆ ಕಟ್ಟಲು ಕೈಜೋಡಿಸಿ.