ಲಿಸ್ಪ್ ಲೈಬ್ರರಿಗಳ ದ್ವೈವಿಧ್ಯ

1958ರಲ್ಲಿ ಜಾನ್ ಮೆಕಾರ್ಥಿಯವರಿಂದ ಪ್ರವರ್ತಿತವಾದ ಲಿಸ್ಪ್ ಎಂಬ ಗಣಕಭಾಷೆಗೆ ಇ.ಸಿ.ಎಲ್. ಎಂಬುದೊಂದು ಕಂಪೈಲರು ಉಂಟು. ಅದು ಲಿಸ್ಪ್ ವಾಕ್ಯಗಳನ್ನು ಸಿ ಭಾಷೆಗೆ ಪರಿವರ್ತಿಸಿ, ಸಿ ಕಂಪೈಲರಿನ ಮೂಲಕ ಯಂತ್ರಸಂಕೇತವನ್ನಾಗಿ ಮಾಡುವುದು. ಹೀಗೆ ಸಿದ್ಧವಾದ ಭಾಗಗಳನ್ನು ಇತರ ಪ್ರೋಗ್ರಾಮುಗಳ ಬಳಕೆಗಾಗಿ ಕೂಡಿಸಿಟ್ಟ ಸಂಗ್ರಹವೇ ಲೈಬ್ರರಿ. ಅದು ಎರಡು ಬಗೆ.

ಸ್ಥಿರ ಲೈಬ್ರರಿಯ ಸಂಕೇತವು ಜೋಡಣೆಯ ಕಾಲದಲ್ಲಿಯೇ ಪ್ರೋಗ್ರಾಮಿನೊಳಕ್ಕೆ ಪ್ರತಿಯಾಗಿ ಸೇರುವುದು. ಸೂತ್ರಪಾಠವನ್ನು ಪೂರ್ತಿಯಾಗಿ ಉದ್ಧರಿಸಿಕೊಂಡ ವ್ಯಾಖ್ಯಾನದಂತೆ. ಹಂಚಿಕೆಯ ಲೈಬ್ರರಿಯಾದರೋ ಪ್ರತ್ಯೇಕವಾಗಿದ್ದು, ಪ್ರೋಗ್ರಾಮು ನಡೆಯುವಾಗ ಬಂದು ಕೂಡುವುದು. ಪ್ರತೀಕವನ್ನು ಮಾತ್ರ ಕೊಟ್ಟು ಮೂಲಗ್ರಂಥವನ್ನು ನೋಡಹೇಳುವ ವ್ಯಾಖ್ಯಾನದಂತೆ. ಮೊದಲನೆಯದು ಸ್ವಯಂಪೂರ್ಣ, ಆದರೆ ಸ್ಥೂಲ. ಎರಡನೆಯದು ಅನೇಕರಿಗೆ ಒದಗುವುದು. ಆದರೆ ಮೂಲವು ಸ್ಥಳದಲ್ಲಿಲ್ಲದಿದ್ದರೆ ಕಾರ್ಯವೇ ನಿಲ್ಲುವುದು.

ಇಷ್ಟು ಸಿ ಭಾಷೆಗೂ ಸಮಾನ. ಲಿಸ್ಪಿನ ವಿಶೇಷವು ಬೇರೆ. ಸಿ ಭಾಷೆಯಲ್ಲಿ ಹೆಸರಿಗೂ ಅದು ಸೂಚಿಸುವ ಕಾರ್ಯಕ್ಕೂ ಸಂಬಂಧವನ್ನು ಜೋಡಣೆಯೇ ಕಲ್ಪಿಸುವುದು. ಲಿಸ್ಪಿನಲ್ಲಿ ಲಕ್ಷಣವಾಕ್ಯವೇ ಒಂದು ಕ್ರಿಯೆ. ಅದು ನಡೆದ ಹೊರತು ಹೆಸರಿಗೆ ಅರ್ಥವಿಲ್ಲ. ಆದಕಾರಣ ಇ.ಸಿ.ಎಲ್. ತಾನು ಕಟ್ಟುವ ಲೈಬ್ರರಿಯಲ್ಲಿ ಒಂದು ಆರಂಭಕಾರ್ಯವನ್ನು ಸೇರಿಸುವುದು. ಸಿ ಪ್ರೋಗ್ರಾಮಿನಿಂದ ಅದನ್ನು ಬಳಸುವವನು ಮೊದಲು ಲಿಸ್ಪ್ ವ್ಯವಸ್ಥೆಯನ್ನು ಎಚ್ಚರಿಸಿ, ಬಳಿಕ ಆ ಆರಂಭಕಾರ್ಯವನ್ನು ನಡೆಸತಕ್ಕದ್ದು. ಈ ಕ್ರಮವನ್ನು ಬಿಟ್ಟರೆ ಜೋಡಣೆಯು ನಿರ್ದೋಷವಾಗಿದ್ದರೂ ಲೈಬ್ರರಿಯು ಮೂಕವಾಗಿಯೇ ಉಳಿಯುವುದು.