ನಮ್ಮ ರೇಷ್ಮೆಯ ತವರೂರು

ಸೋದರಿಯರೇ, ಮೈಸೂರಿಗೆ ಹೋಗುವಾಗ ನೀವೂ ನಮ್ಮ ಹಾಗೇ ಶ್ರೀರಂಗಪಟ್ಟಣದ ರಂಗನಾಥನಿಗೆ ಕೈ ಮುಗಿದು ಬಸ್ಸು ಹತ್ತಿಬಿಡುತ್ತೀರಲ್ಲವೇ? ಈ ಸಲ ಮೇಲೂರಿನಿಂದ ಹೋದ ನಾವು ಹಗಲೆಲ್ಲ ಅಲ್ಲೇ ಉಳಿದೆವು.

ಕಾವೇರಿ ಎರಡು ಕವಲಾಗಿ ತಬ್ಬಿಕೊಂಡ ಊರು ಅದು. 1610ರಲ್ಲಿ ರಾಜ ಒಡೆಯರು ಅದನ್ನು ರಾಜಧಾನಿ ಮಾಡಿಕೊಂಡು ದಸರಾ ಆರಂಭಿಸಿದರು. 1799ರ ಮೇ 4ರಂದು ಇಂಗ್ಲಿಷರು ಕೋಟೆ ಒಡೆದರು, ಟಿಪ್ಪು ಮಡಿದ. ರಾಜಧಾನಿ ಮೈಸೂರಿಗೆ ಹೋಯಿತು, ಊರು ಬಡವಾಯಿತು. ದರಿಯಾ ದೌಲತ್ತಿನ ಗೋಡೆಚಿತ್ರಗಳನ್ನು ಮಾತ್ರ ತಪ್ಪದೆ ನೋಡಿ. ಆನೆ, ಕುದುರೆ ಎಣಿಸುತ್ತಾ ಮಕ್ಕಳು ತೆಪ್ಪಗಿರುತ್ತವೆ!

ನನ್ನ ಮನಸ್ಸು ನಿಂತದ್ದು ಬೇರೆ ಕಡೆ. 1786ರಲ್ಲಿ ಟಿಪ್ಪು ಈ ಕೋಟೆಯ ಕಿಲ್ಲೇದಾರನಿಗೊಂದು ಕಾಗದ ಬರೆಸಿದ್ದ. ಬಂಗಾಳದಿಂದ ರೇಷ್ಮೆಹುಳು ಬರುತ್ತವೆ, ಎಂಥ ಜಾಗದಲ್ಲಿ ಇಡಬೇಕೆಂದು ತಂದವರನ್ನೇ ಕೇಳಿ ಅಣಿಮಾಡು, ಮೇವಿಗೆ ಹಿಪ್ಪುನೇರಳೆ ಒದಗಿಸು ಅಂತ. ಓದಿ ನಗು ಬಂತು ನೋಡಿ. ಚಾಕಿ ಹುಳು ಬರೋ ಮುಂಚೆ ನಮ್ಮನೇಲೂ ಇದೇ ಗಡಿಬಿಡಿ!

ಶಿಡ್ಲಘಟ್ಟದಲ್ಲಿ ಗೂಡಿನ ದರ ಬಿದ್ದಾಗಿನಿಂದ ನಮ್ಮ ಯಜಮಾನರು ಹಿಪ್ಪುನೇರಳೆ ಕಿತ್ತುಹಾಕೋಣ ಅನ್ನುತ್ತಿದ್ದರು. ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತು ಈ ಕಾಗದದ ಕಥೆ ಹೇಳಿದೆ. ಅವರು ಮಾತಾಡಲಿಲ್ಲ. ಊರಿಗೆ ಬಂದ ಮಾರನೇ ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟರು.